ಅಕ್ಕ ಕಾಯ್ದ ಮಷಿನ್

ಬೀಚಿನ ಬಸ್ಸುಗಳು ನಿಲ್ಲುವ ಜಾಗದಲ್ಲೇ ಗಾಳಿ ಅಳೆಯುವ ಮಷಿನ್ ಇಡಬೇಕೆಂದು ಹಠ ಹಿಡಿದವಳು ನಾನೇ. ಕಾರಣ ನಮ್ಮಕ್ಕ. ಹಿರೇಕೆರೂರು ಬಿಟ್ಟು ಘಟ್ಟ ಇಳಿದು ಹೋದವಳು, ರಟ್ಟೀಹಳ್ಳಿ ಕಡೆಯಿಂದ ಗೋವಿನಜೋಳದ ತೆನೆ ತರಿಸಿ ಅಲ್ಲಿ ಸುಟ್ಟು ಮಾರುತ್ತಾಳೆ. ಜನ ಸಮುದ್ರದ ಗಾಳಿ ಸೇವನೆಗೆ ಬರುತ್ತಾರಂತೆ! ಅವರ ಬಸ್ಸುಗಳು ಒಳಗೆ ತಂಪಿರಲೆಂದು ದಿನವಿಡೀ ಎಂಜಿನ್ ಚಾಲೂ ಇಟ್ಟುಕೊಂಡು ಅಕ್ಕನ ಮುಖಕ್ಕೆ ಹೊಗೆ ಉಗುಳುತ್ತವೆ. ಎರಡು ವರ್ಷದಿಂದ ಅವಳ ಕೆಮ್ಮು ನಿಂತಿಲ್ಲ.

ನಾನು ಕೆಲಸ ಮಾಡುವ ಲ್ಯಾಬಿಗೆ ಆ ಊರಿನ ಗಾಳಿ ಅಳೆಯುವ ಕೆಲಸ ಸಿಕ್ಕಿತ್ತು. ಹೊಗೆ ಹೆಚ್ಚೆಂದು ಗೊತ್ತಾದರೆ ಬಸ್ಸುಗಳನ್ನು ಊರಾಚೆ ನಿಲ್ಲಿಸುತ್ತೇವೆಂದು ಪಂಚಾಯ್ತಿಯವರು ಮಾತು ಕೊಟ್ಟಿದ್ದರು. ಮಷಿನ್ ಗಾಳಿ ಎಳೆದುಕೊಂಡಂತೆ ಒಳಗಿನ ಬಿಳಿ ಕಾಗದದ ಮೇಲೆ ಮಸಿ ಕೂರುತ್ತದೆ. ಮೂರು ದಿನ, ಮೂರು ಕಾಗದ. ಬೇರೆ ಕಡೆಯೂ ಓಡಾಡಬೇಕಿದ್ದರಿಂದ, ಬೆಳಿಗ್ಗೆ ಬಸ್ಸು ಬರುವ ಮೊದಲೇ ಕಾಗದ ಬದಲಿಸಿ ಹೋಗುತ್ತಿದ್ದೆ. "ಅಕ್ಕಾ, ಸ್ವಲ್ಪ ನೋಡಕೋತಿರು" ಎಂದಿದ್ದೆ, ಅಷ್ಟೇ.

ಮೊದಲ ಕಾಗದ ಬೆಳ್ಳಗೆ ಬಂದಾಗ ಗಾಳಿ ತಿರುಗಿರಬೇಕು ಅಂದುಕೊಂಡೆ. ಮೂರೂ ಹಾಗೇ ಬಂದಾಗ ಅಕ್ಕನ ಮುಂದೆ ನಿಂತೆ.

"ಏನ್ ಮಾಡಿದಿ?"

ಅಕ್ಕ ಹಿಗ್ಗಿದಳು. "ಒಂದು ಕಸಾ ಬೀಳಗೊಟ್ಟಿಲ್ಲ ನೋಡು. ದಿನಾ ಸುತ್ತ ನೀರು ಹೊಡದೇನಿ, ಒಲಿ ಆ ಕಡೆ ಇಟ್ಟೇನಿ. ಡ್ರೈವರಗೋಳಿಗೆ, ನಮ್ಮ ತಂಗಿ ಮಷಿನ್ ಐತ್ರಿ, ದೂರ ನಿಲ್ಲಸ್ರಿ ಅಂದೆ. ಪಾಪ, ಎಲ್ಲಾರೂ ಕೇಳಿದ್ರು."

ಮೈಯೆಲ್ಲ ಉರಿದುಹೋಯಿತು. ತನ್ನ ಎದೆಗಾಗಿ ಎರಡು ವರ್ಷ ಬಾಯಿ ಬಿಡದವಳು ಒಂದು ತಗಡಿನ ಡಬ್ಬಿಗಾಗಿ ಬಸ್ಸುಗಳನ್ನೇ ಸರಿಸಿದ್ದಳು! "ನಿನ್ನ ಸಲುವಾಗಿ ಯಾಕ ಹೇಳ್ಲಿಲ್ಲ?" ಎಂದು ಕಿರುಚಿದೆ.

"ನನ್ನ ಸಲುವಾಗಿ ಯಾರು ಸರಸ್ತಾರ?" ಅಂದಳು, ತೆನೆ ತಿರುವುತ್ತ.

ಇನ್ನೊಮ್ಮೆ ಅಳೆಯೋಣವೆಂದು ಲ್ಯಾಬಿನ ಸಾಹೇಬರಿಗೆ ಫೋನ್ ಮಾಡಿದೆ. ಅವರು ನಕ್ಕರು. "ಗಾಳಿ ಚಲೋ ಐತಿ ಅಂದ್ರ ನಿಮಗ್ಯಾಕ್ರಿ ಹೊಟ್ಟಿಕಿಚ್ಚು? ರಿಪೋರ್ಟಿಗೆ ಸಹಿ ಮಾಡ್ರಿ, ಮುಗಸ್ರಿ."

ಕೆಲಸ ಹೋದೀತೆಂದು ಮಾಡಿದೆ. ಆ ನಗುವಿನ ಮೇಲೆ ಇವತ್ತಿಗೂ ಸಿಟ್ಟಿದೆ, ನನ್ನ ಸಹಿಯ ಮೇಲೆ ಅದಕ್ಕಿಂತ ಹೆಚ್ಚು. ಆದರೆ ಅವತ್ತು ಬಾಯಿಗೆ ಬಂದಂತೆ ಬೈದದ್ದು ಮಾತ್ರ ಅಕ್ಕನನ್ನು. ಅವಳು ಯಾಕೆಂದು ತಿಳಿಯದೆ ಕಣ್ಣು ಒರೆಸಿಕೊಂಡಳು.

ಬಸ್ಸುಗಳು ಮತ್ತೆ ಅಲ್ಲೇ ನಿಂತಿವೆ. ಕಳೆದ ವಾರ ಅಕ್ಕನ ಫೋನ್ ಬಂತು. ಮಾತಿಗೂ ಮೊದಲು ಕೆಮ್ಮು. ಸುಧಾರಿಸಿಕೊಂಡು ಕೇಳಿದಳು: "ಮತ್ತ ಯಾವಾಗ ತರ್ತಿ ಮಷಿನ್ನಾ? ಅದು ಇದ್ದಾಗ ಮೂರು ದಿನ ಚಲೋ ನಿದ್ದಿ ಹತ್ತಿತ್ತು ನೋಡು."