‘ತೋರಿಸು’ ಗೊತ್ತಿಲ್ಲವೆಂದ ಸ್ಕ್ಯಾನರ್

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನಾನು ಬಸವಕಲ್ಯಾಣದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದೆ. ಮಧ್ಯಾಹ್ನದ ತರಗತಿಗೆ ಮುಡಬಿಯಿಂದ ಬಸ್ಸಿನಲ್ಲಿ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಬರುತ್ತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು, ನಮ್ಮ ಕಡೆ ಅಕ್ಕ ಎಂದ ಹಾಗೆ ಎಲ್ಲರೂ ಅವರನ್ನು ‘ಬಾಯಿ’ ಎನ್ನುತ್ತಿದ್ದೆವು. ಪ್ರತಿ ಪ್ರೋಗ್ರಾಮನ್ನೂ ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯುವರು: ‘ತೂಕ ಹತ್ತಕ್ಕಿಂತ ಕಡಿಮೆ ಆದರೆ ಹೆಸರು ತೋರಿಸು.’ ತರ್ಕದಲ್ಲಿ ಒಂದೂ ತಪ್ಪಿರುತ್ತಿರಲಿಲ್ಲ. ಅದನ್ನೇ ಇಂಗ್ಲಿಷಿಗೆ ತಿರುಗಿಸುವಾಗ ಮಾತ್ರ ಸಾಲು ಸಾಲಿಗೂ ಎಡವುವರು.

ಒಂದು ದಿನ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟು ಕೇಳಿದರು. “ಸರ್, ಇದು ಬರೋಬ್ಬರಿ ಅದ ಇಲ್ರಿ?”

“ಬರೋಬ್ಬರಿ ಅದರಿ. ಪೂರಾ ಸರಿ ಅದ.”

“ಮತ್ತ ಹಿಂಗಾ ಬರದ್ರ ಆ ಮಷೀನಿಗ್ಯಾಕ ತಿಳಿಯಂಗಿಲ್ರಿ?”

ಓದುವಾಗ, ಪ್ರೋಗ್ರಾಮನ್ನು ಮಷೀನಿಗೆ ತಿಳಿಯುವಂತೆ ತಿರುಗಿಸಿಕೊಡುವ ಒಂದು ಪುಟ್ಟ ಕಂಪೈಲರ್ ಬರೆದಿದ್ದ ಸೊಕ್ಕು ನನಗಿತ್ತು. “ಒಂದು ತಿಂಗಳದಾಗ ತಿಳಿಯೋ ಹಂಗ ಮಾಡ್ತೀನ್ರಿ” ಎಂದುಬಿಟ್ಟೆ. ಆ ಒಂದು ತಿಂಗಳು ಹೆಚ್ಚು ಕಡಿಮೆ ಒಂದು ವರ್ಷವಾಯಿತು.

ಕಂಪೈಲರಿನ ಮೊದಲ ಭಾಗವನ್ನು ಸ್ಕ್ಯಾನರ್ ಎನ್ನುತ್ತಾರೆ. ನಾವು ಬರೆದದ್ದನ್ನು ಅದು ಅಕ್ಷರ ಅಕ್ಷರವಾಗಿ ಓದಿ, ಎಲ್ಲಿ ಒಂದು ಪದ ಮುಗಿಯಿತು, ಎಲ್ಲಿ ಅಂಕಿ ಶುರುವಾಯಿತು ಎಂದು ಬಿಡಿಸಿಕೊಡಬೇಕು. ನನ್ನ ಹಳೆಯ ಸ್ಕ್ಯಾನರಿಗೆ ಒಂದು ಬೈಟ್ ಎಂದರೆ ಒಂದು ಅಕ್ಷರ. ಇಂಗ್ಲಿಷಿಗೆ ಅದು ಸಾಕು. ಕನ್ನಡದ ಒಂದು ‘ಕ’ ಫೈಲಿನಲ್ಲಿ ಮೂರು ಬೈಟ್ ಹಿಡಿಯುತ್ತಿತ್ತು. ಪಾಪ, ಸ್ಕ್ಯಾನರಿಗೆ ಕಂಡದ್ದು ಒಂದು ‘ಕ’ ಅಲ್ಲ, ಮೂರು ಗುರುತಿಲ್ಲದ ಚೂರುಗಳು. ಹಾಗಾಗಿ ಒಂದೊಂದು ಅಕ್ಷರಕ್ಕೂ ದೊಡ್ಡ ಜಾಗ ಕೊಡುವ ‘ವೈಡ್ ಕ್ಯಾರೆಕ್ಟರ್’ ಪದ್ಧತಿಗೆ ಇಡೀ ಸ್ಕ್ಯಾನರನ್ನು ಬದಲಿಸಿದೆ. ‘ಬರಹ’ ಎಂದು ಕೊಟ್ಟೆ, ಓದಿತು. ‘ಸರಳ’ ಓದಿತು. ‘ಗಣಕ’ವನ್ನೂ ಓದಿತು. ಮನೆಗೆ ಹೋಗುವಾಗ ದಾರಿಯಲ್ಲಿ ಜಿಲೇಬಿ ಕಟ್ಟಿಸಿಕೊಂಡು ಹೋದೆ.

ಮರುದಿನ ‘ತೂಕ’ ಎಂದು ಕೊಟ್ಟೆ. ‘ತ’ ಓದಿ ಅಲ್ಲಿಗೇ ನಿಂತಿತು. ‘ಇದು ಅಕ್ಷರ ಹೌದೋ ಅಲ್ಲವೋ’ ಎಂದು ನಾನು ಕೇಳುತ್ತಿದ್ದದ್ದು ಕಂಪೈಲರಿನ ಜೊತೆ ಬಂದ ಸಿದ್ಧ ಫಂಕ್ಷನ್ನನ್ನು. ಅದರ ಪ್ರಕಾರ ‘ತ’ ಅಕ್ಷರ, ಅದಕ್ಕೆ ಹತ್ತಿದ ಕೊಂಬು ಅಕ್ಷರವಲ್ಲ. ಹಿಂದಿನ ದಿನ ಪಾಸಾದ ಮೂರೂ ಪದಗಳಲ್ಲಿ ಒಂದೂ ಗುಡಿಸು, ಕೊಂಬು ಇರಲಿಲ್ಲ ಎಂಬುದು ಆಗ ಹೊಳೆಯಿತು. ಕಾಗುಣಿತ ಬಿಟ್ಟು ಕನ್ನಡ ಬರೆಯಿರಿ ಎಂದು ಆ ಹೆಂಗಸಿಗೆ ಹೇಗೆ ಹೇಳಲಿ? ಸಿದ್ಧ ಫಂಕ್ಷನ್ ಕಿತ್ತೆಸೆದು ಯಾವುದು ಅಕ್ಷರ, ಯಾವುದು ಅಲ್ಲ ಎಂಬ ಪಟ್ಟಿಯನ್ನು ನಾನೇ ಒಂದೊಂದಾಗಿ ಬರೆದೆ. ವಾರಗಟ್ಟಲೆ ಹಿಡಿಯಿತು.

ನಮ್ಮ ಕೇಂದ್ರದ ಹಳೆಯ ಮಷೀನುಗಳ ಪರದೆಯಲ್ಲಿ ಕನ್ನಡ ಕಾಣುತ್ತಿತ್ತು, ಟೈಪ್ ಮಾಡಲು ಬರುತ್ತಿರಲಿಲ್ಲ; ಅಲ್ಲಿಯವರೆಗೆ ಬಿಡಿ ಪದಗಳನ್ನು ನಾನು ಅಕ್ಷರಗಳ ಸಂಕೇತಸಂಖ್ಯೆಗಳಲ್ಲೇ ಬರೆದು ಕೊಡುತ್ತಿದ್ದೆ. ಹುಮನಾಬಾದಿನಲ್ಲಿ ಪರಿಚಯದ ಒಬ್ಬರು ಪ್ರೆಸ್ ನಡೆಸುತ್ತಿದ್ದರು. ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಲಗ್ನಪತ್ರಿಕೆ ಅಚ್ಚು ಹಾಕುವವರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಹೊಸ ಮಷೀನ್ ತಂದಿದ್ದರು. ಆ ಅಂಗನವಾಡಿ ಬಾಯಿ ಬರೆದ ಪ್ರೋಗ್ರಾಮನ್ನು ಅವರೇ ಟೈಪ್ ಮಾಡಿ ಫ್ಲಾಪಿಯಲ್ಲಿ ಕೊಟ್ಟರು. ಅದನ್ನು ತಂದು, ಕೇಂದ್ರದ ಮುಖ್ಯಸ್ಥರನ್ನೂ ಆ ಬಾಯಿಯನ್ನೂ ಕೂರಿಸಿಕೊಂಡು ಓಡಿಸಿದೆ.

ಪರದೆಯ ಮೇಲೆ ಬಂದದ್ದು: ‘ಮೂರನೇ ಸಾಲು: ತೋರಿಸು ಗೊತ್ತಿಲ್ಲ.’

ನಾನು ಕಟ್ಟುತ್ತಿದ್ದ ಕನ್ನಡದ ಪ್ರೋಗ್ರಾಂ ಭಾಷೆಯಲ್ಲಿ ಇಟ್ಟಿದ್ದ ಮೊದಲ ಪದವೇ ‘ತೋರಿಸು’. ಕಣ್ಣೆದುರಿಗೆ ಅಚ್ಚುಕಟ್ಟಾಗಿ ‘ತೋರಿಸು’ ಎಂದೇ ಇದೆ. ಮತ್ತೆ ಓಡಿಸಿದೆ. ಮತ್ತೆ ಅದೇ. ಮುಖ್ಯಸ್ಥರು ಗಡಿಯಾರ ನೋಡಿದರು. “ಇದೆಲ್ಲಾ ಸಿಲಬಸ್‌ದಾಗ ಎಲ್ಲದರಿ? ಇರೋದು ಕಲಸ್ರಿ ಮೊದ್ಲ” ಎಂದು ಎದ್ದುಹೋದರು. ಆ ಬಾಯಿ ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಎಸ್‌ಟಿಡಿ ಬೂತಿಗೆ ಹೋಗಿ ಪ್ರೆಸ್ಸಿಗೆ ಫೋನ್ ಹಚ್ಚಿದೆ.

“ಚಾಚಾ, ಏನ್ ಟೈಪ್ ಮಾಡಿ ಕೊಟ್ಟೀರಿ? ‘ತೋರಿಸು’ ಅನ್ನೋದೇ ತಪ್ಪದ!”

ಚಾಚಾ ಸಣ್ಣ ದನಿಯಲ್ಲಿ ಹೇಳಿದರು: “ಮಾಸ್ತರೇ, ಮೂವತ್ತ್ ವರ್ಷ ಸೀಸದ ಅಚ್ಚಿನ ಮೊಳಿ ಜೋಡ್ಸೀನಿ. ನನ್ನ ‘ತೋರಿಸು’ ಗಲತ್ ಅಂತೀರೇನ್ರಿ?” ಫೋನ್ ಇಟ್ಟುಬಿಟ್ಟರು.

ಕೇಂದ್ರಕ್ಕೆ ಬಂದು, ಅವರ ತಪ್ಪನ್ನು ಹಿಡಿದೇ ತೀರುತ್ತೇನೆಂದು ಫೈಲನ್ನು ಅಂಕಿಗಳ ರೂಪದಲ್ಲಿ ತೆರೆದೆ. ‘ತೋ’ ಇದ್ದಲ್ಲಿ ನಾನು ನಿರೀಕ್ಷಿಸಿದ್ದು ಎರಡು ಸಂಕೇತ: ಒಂದು ‘ತ’, ಒಂದು ಓತ್ವ. ಅಲ್ಲಿದ್ದದ್ದು ನಾಲ್ಕು. ಎಷ್ಟು ಎಣಿಸಿದರೂ ನಾಲ್ಕೇ. ನನಗೆ ತಲೆಬುಡ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಹುಮನಾಬಾದಿನ ಬಸ್ ಹತ್ತಿದೆ. ಚಾಚಾ ಒಂದು ಲಗ್ನಪತ್ರಿಕೆಯ ಪ್ರೂಫ್ ನೋಡುತ್ತಿದ್ದರು, ತಲೆ ಎತ್ತಲಿಲ್ಲ. “ಚಾಚಾ, ಒಮ್ಮೆ ‘ತೋರಿಸು’ ಹೊಡೆದು ತೋರಿಸ್ರಿ” ಎಂದೆ. ಕೇಳಿಸದವರಂತೆ ಪ್ರೂಫ್ ಮುಗಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೀಬೋರ್ಡಿನ ಮುಂದೆ ಕುಳಿತರು.

“ನೋಡ್ರಿ. ‘ತ’ ಹೊಡೀಬೇಕು. ಅದಕ್ಕ ಎತ್ವ ಹಚ್ಚಬೇಕು. ಕೊಂಬು ಎಳೀಬೇಕು. ಮ್ಯಾಲ ದೀರ್ಘ ಕೊಡಬೇಕು. ‘ತೋ’ ಆಯ್ತಿಲ್ರಿ? ನಾವು ಮೊಳಿ ಜೋಡ್ಸೋ ಮುಂದನೂ ಹಿಂಗಾ ಮಾಡ್ತಿದ್ದೆವು. ಇದ್ರಾಗ ಗಲತ್ ಎಲ್ಲದ, ತೋರಸ್ರಿ.”

ಎಲ್ಲಿಯೂ ಇರಲಿಲ್ಲ. ಓತ್ವವನ್ನು ಒಂದೇ ಸಂಕೇತದಲ್ಲೂ ಬರೆಯಬಹುದು, ಅವರಂತೆ ಎತ್ವ, ಕೊಂಬು, ದೀರ್ಘ ಎಂದು ಮೂರರಲ್ಲೂ ಬರೆಯಬಹುದು. ಸಂಕೇತಗಳ ನಿಯಮದ ಪ್ರಕಾರ ಎರಡೂ ಸರಿ, ಕಣ್ಣಿಗೆ ಎರಡೂ ಒಂದೇ. ನನ್ನ ಸ್ಕ್ಯಾನರ್ ಮಾತ್ರ ಎರಡನ್ನೂ ಬೇರೆ ಬೇರೆ ಪದವೆಂದು ತಿಳಿದಿತ್ತು, ಯಾಕೆಂದರೆ ಅದನ್ನು ಬರೆದವನಿಗೇ ಅದು ತಿಳಿದಿರಲಿಲ್ಲ.

“ಚಾಚಾ, ತಪ್ಪು ನಂದರಿ. ಫೋನಿನ್ಯಾಗ ಹಂಗ ಮಾತಾಡಬಾರದಿತ್ತು.”

“ನಿಮ್ ಮಷೀನಿಗೆ ಹೇಳ್ರಿ ಅದನ್ನ” ಎಂದರು. ಚಹಾ ತರಿಸಿದರು. ಆದರೂ ಆ ದಿನ ನನ್ನನ್ನು ಬಾಗಿಲವರೆಗೆ ಕಳಿಸಲು ಎದ್ದು ಬರಲಿಲ್ಲ. ಯಾವಾಗಲೂ ಬರುವವರು.

ಓದುವುದಕ್ಕೂ ಮೊದಲೇ ಇಂಥ ಎಲ್ಲ ಸಂಕೇತಗಳನ್ನೂ ಒಂದೇ ರೂಪಕ್ಕೆ ತರುವ ಹಾಗೆ ಸ್ಕ್ಯಾನರನ್ನು ಮೂರನೆಯ ಸಲ ಬಿಚ್ಚಿ ಕಟ್ಟಿದೆ. ಅಷ್ಟರಲ್ಲಿ ಕೋರ್ಸ್ ಮುಗಿದು, ಪರೀಕ್ಷೆಯೂ ಮುಗಿದಿತ್ತು. ಆ ಬಾಯಿ ಪ್ರಮಾಣಪತ್ರ ಒಯ್ಯಲು ಬಂದ ದಿನ ತಡೆದು ಕೂರಿಸಿ ಅವರ ಪ್ರೋಗ್ರಾಮನ್ನು ಓಡಿಸಿದೆ. ಅವರು ಕೊಟ್ಟಿದ್ದ ತೂಕಗಳಲ್ಲಿ ಹತ್ತಕ್ಕಿಂತ ಕಡಿಮೆ ಇದ್ದ ಇಬ್ಬರು ಮಕ್ಕಳ ಹೆಸರು ಕನ್ನಡದಲ್ಲಿ ಮೂಡಿದವು. ಬೆರಳಿಟ್ಟು ಓದಿದರು.

“ಖರೇನ ಅದರಿ, ಇವೆರಡೂ ಕೂಸು ಸೊರಗ್ಯಾವ” ಎಂದರು. ಸ್ವಲ್ಪ ತಡೆದು, “ಆದ್ರ ಭಾಳ ತಡಾ ಮಾಡಿದ್ರಿ ಸರ್. ಈಗ ನನಗ ಇಂಗ್ಲಿಷಿನ್ಯಾಗೇ ಬರೀಲಾಕ ಬರ್ತದ. ಪಾಸ್ ಆದೆ ನೋಡ್ರಿ.”

ಅಷ್ಟು ದಿನ ನಾನು ಯಾರಿಗಾಗಿ ಗುದ್ದಾಡಿದೆ ಎಂದು ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಈ ನಡುವೆ ಚಾಚಾ ತಮ್ಮ ಟೈಪಿಂಗ್ ಸಾಫ್ಟ್‌ವೇರನ್ನು ಕೇಂದ್ರದ ಒಂದು ಮಷೀನಿಗೆ ಹಾಕಿಸಿಕೊಟ್ಟಿದ್ದರು. ಇನ್ನೆಷ್ಟು ಹೆಸರು ಬರುತ್ತವೆ ನೋಡೋಣವೆಂದು ಆ ಬಾಯಿ ಅಲ್ಲೇ ಕೂತು ಒಂದೊಂದೇ ಕೀ ಹುಡುಕಿ ಹತ್ತರ ಬದಲು ಹನ್ನೊಂದು ಎಂದು ತಿದ್ದಿದರು. ಚಾಚಾ ಹೊಡೆದಿದ್ದದ್ದು ಇಂಗ್ಲಿಷಿನ 10, ಇವರು ತಿದ್ದಿದ್ದು ಕನ್ನಡದ ಅಂಕಿಯಲ್ಲಿ: ೧೧. ಸ್ಕ್ಯಾನರ್ ತಕ್ಷಣ ಹೇಳಿತು: ‘೧೧ ಗೊತ್ತಿಲ್ಲ.’ ಕನ್ನಡದ ಅಂಕಿಗಳನ್ನು ನನ್ನ ಪಟ್ಟಿಗೆ ಸೇರಿಸಿಯೇ ಇರಲಿಲ್ಲ.

ನಾನು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ. ಒಳಗೆ ಬಂದಾಗ ಅವರು ಬಸ್ಸಿಗೆ ಹೊರಟು ನಿಂತಿದ್ದರು.