ಅಲುಗಿಸಿದರೆ ಗರ್ ಎನ್ನುವ ಪೊಟ್ಟಣ

ಗಾಜಿನಕ್ಕನನ್ನು ಅರಿಯದವರು ಆ ಬೀದಿಯಲ್ಲಿಲ್ಲ. ಗಾಜಿನ ಲೋಟ ತಯಾರಿಸುವ ಕಾರ್ಖಾನೆಯಲ್ಲಿ ತಲೆ ನೆರೆಯುವವರೆಗೂ ಲೋಟಗಳನ್ನು ಪೆಟ್ಟಿಗೆಗೆ ತುಂಬಿ ಕಟ್ಟಿದವಳು. ಕಟ್ಟಿದ ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಜೋರಾಗಿ ಅಲುಗಿಸಬೇಕು, ಒಳಗಿನಿಂದ ಸದ್ದು ಬರಕೂಡದು; ಅದು ಅಲ್ಲಿನ ಕ್ರಮ. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಅವಳಿಗೆ ಹೊತ್ತು ಹೋಗದು. ಅಡುಗೆಮನೆಯ ಡಬ್ಬಿ ಜೋಡಿಸುವುದು, ಕೆಡವುವುದು, ಮತ್ತೆ ಜೋಡಿಸುವುದು.

ಗಂಡನದು ಮನೆಯ ಮುಂದಿನ ಕೋಣೆಯಲ್ಲೇ ಹಳೇ ವಾಚುಗಳ ರಿಪೇರಿ. ಪರಊರಿನವರೂ ಕೊರಿಯರ್‌ನಲ್ಲಿ ಕಳಿಸುತ್ತಿದ್ದರು. ರಿಪೇರಿಯಲ್ಲಿ ಎತ್ತಿದ ಕೈ, ಕಟ್ಟುವುದರಲ್ಲಿ ಮಾತ್ರ ಅವಸರ. ಕಾಗದದಲ್ಲಿ ಸುತ್ತಿ ಡಬ್ಬಿಗೆ ತುರುಕಿದರೆ ಮುಗಿಯಿತು. ಹಾಗೆ ಹೋದ ಒಂದು ವಾಚಿನ ಗಾಜು ದಾರಿಯಲ್ಲೇ ಪುಡಿಯಾಯಿತು. ಅದರ ಒಡತಿ, ಕೆಲಸದಿಂದ ನಿವೃತ್ತಳಾದ ಒಬ್ಬ ನರ್ಸಮ್ಮ, ಅದನ್ನು ವಾಪಸು ಕಳಿಸಿದಳು. ಅವನು ಹೊಸ ಗಾಜು ಕೂರಿಸಿ, "ಇದೇ ಕೊನೆ. ಇನ್ಮೇಲೆ ಪರಊರಿನ ವಾಚು ಬೇಡವೇ ಬೇಡ" ಎಂದ.

"ರೀ, ಇದನ್ನ ನಾನು ಕಟ್ತೀನಿ."

"ಇದು ಲೋಟ ಅಲ್ಲ ಕಣೇ."

"ನೆಟ್ಟಗೆ ತಲುಪಿದ್ರೆ ಮುಂದೆ ಕಟ್ಟೋ ಕೆಲಸವೆಲ್ಲ ನಂದು. ತಲುಪದಿದ್ರೆ ಡಬ್ಬಿ ಜೋಡಿಸ್ಕೊಂಡೇ ಇರ್ತೀನಿ, ಸರಿನಾ?"

ಅವನು ಹೂಂಗುಟ್ಟಿ ಸಾಮಾನು ತರಲು ಪೇಟೆಗೆ ಹೋದ.

ಅವಳು ಮೆತ್ತನೆಯ ಬಟ್ಟೆಯನ್ನು ಉರುಳೆ ಮಾಡಿ ಅದಕ್ಕೆ ವಾಚಿನ ಪಟ್ಟಿ ಬಿಗಿದಳು; ಇಲ್ಲದಿದ್ದರೆ ಪಟ್ಟಿಯ ಕೊಂಡಿಯೇ ವಾಚಿನ ಬೆನ್ನು ಕೆರೆಯುತ್ತದೆ. ಮೇಲೆ ಹತ್ತಿ, ಆಮೇಲೆ ಸಣ್ಣ ಡಬ್ಬಿ, ಅದು ದೊಡ್ಡ ಡಬ್ಬಿಯೊಳಗೆ, ಎರಡರ ನಡುವೆ ಆರೂ ಕಡೆ ಕಾಗದದ ಉಂಡೆ. ಹೊರಗೆ ವಾಚು ಎಂದು ಬರೆಯಲಿಲ್ಲ. ಕಳ್ಳನಿಗೆ ತಾನೇ ಯಾಕೆ ಹೇಳಬೇಕು? ಕಿವಿಗೆ ಹಿಡಿದು ಅಲುಗಿಸಿದಳು.

ಗರ್ ಎಂದಿತು.

ಬಿಚ್ಚಿದಳು. ಏನೂ ಸಡಿಲವಿಲ್ಲ. ಇನ್ನಷ್ಟು ಹತ್ತಿ ತುಂಬಿ ಕಟ್ಟಿ ಅಲುಗಿಸಿದಳು. ಮತ್ತೆ ಗರ್. ಅಷ್ಟರಲ್ಲಿ ಕೊರಿಯರ್‌ನವನು ಬಂದು ಬಾಗಿಲಿಗೆ ಒರಗಿ ನಿಂತ.

"ಅಕ್ಕಾ, ವಾಚು ಕಟ್ತಿದೀರೋ, ಹಾಸಿಗೆ ಹೊಲೀತಿದೀರೋ?"

"ನೀನು ಎಸೆಯೋ ರಭಸಕ್ಕೆ ಹಾಸಿಗೇನೂ ಸಾಲದು ಕಣಪ್ಪ."

"ನಾನೆಲ್ಲಿ ಎಸೀತೀನಿ? ಇಡ್ತೀನಿ. ಸ್ವಲ್ಪ ದೂರದಿಂದ."

ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಬರಿಯ ವಾಚನ್ನೇ ತೆಗೆದು ಅಲುಗಿಸಿದಳು. ಸದ್ದು ಅದರ ಹೊಟ್ಟೆಯೊಳಗಿಂದಲೇ! ನಿಂತಿದ್ದ ಮುಳ್ಳು ಬೇರೆ ಓಡುತ್ತಿದೆ. ಗಂಡನಿಗೆ ಫೋನು ಹಚ್ಚಿದಳು.

"ರೀ, ಕೆಡಿಸಿಬಿಟ್ಟೆ. ಒಳಗೆ ಏನೋ ಕಳಚಿ ತಿರುಗ್ತಿದೆ."

ಆ ಕಡೆ ನಗು ನಿಲ್ಲಲೇ ಇಲ್ಲ. "ಅಯ್ಯೋ ಮಾರಾಯ್ತಿ, ಅದಕ್ಕೆ ಕೀಲಿ ಕೊಡೋದೇ ಬೇಡ. ಒಳಗೊಂದು ತೂಕದ ಬಿಲ್ಲೆ ಇದೆ, ಕೈ ಆಡಿಸಿದ್ರೆ ಸುತ್ತುತ್ತೆ, ವಾಚು ನಡೆಯುತ್ತೆ."

"ಮೊದಲೇ ಹೇಳೋಕೆ ಬಾಯಿಗೇನಾಗಿತ್ತು?"

"ನೀನು ಅದನ್ನ ಹಿಡ್ಕೊಂಡು ಕುಣೀತೀಯ ಅಂತ ನನಗೇನು ಗೊತ್ತು!"

ಉಸಿರೇನೋ ಬಂತು. ಆದರೆ ವಾಚೇ ಸದ್ದು ಮಾಡಿದರೆ ಕಟ್ಟು ಬಿಗಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಸುಮ್ಮನೆ ಕೊಟ್ಟುಬಿಡಲು ಮನಸ್ಸೊಪ್ಪಲಿಲ್ಲ. ಗಂಡನ ಮೇಜಿನ ಗುಜರಿ ಡಬ್ಬದಲ್ಲಿ ಅದೇ ಅಳತೆಯ, ಯಂತ್ರ ಕಿತ್ತ ವಾಚೊಂದು ಸಿಕ್ಕಿತು. ತೂಕಕ್ಕೆಂದು ಅದರ ಹೊಟ್ಟೆಗೆ ಹಿಟ್ಟಿನ ಮುದ್ದೆ ತುಂಬಿ, ಅದನ್ನು ಕಟ್ಟಿ ಅಲುಗಿಸಿದಳು. ಗಪ್‌ಚಿಪ್. ಅದನ್ನು ತೆಗೆದು, ಹತ್ತಿ ಕಾಗದ ಒಂದೂ ಕದಲದಂತೆ, ಅದೇ ಜಾಗಕ್ಕೆ ಅಸಲಿ ವಾಚನ್ನು ಕೂರಿಸಿ ಅಂಟುಪಟ್ಟಿ ಎಳೆದಳು.

"ಈಗ ಬೇಕಾದ್ರೆ ದೂರದಿಂದಲೇ ಇಡು" ಎಂದು ಕೊರಿಯರ್‌ನವನ ಕೈಗಿತ್ತಳು.

ಪೊಟ್ಟಣ ತಲುಪುವವರೆಗೆ ಗಂಡನ ಫೋನು ಸದ್ದಾದಾಗಲೆಲ್ಲ ಅವಳು ಡಬ್ಬಿ ಬಿಟ್ಟು ಓಡಿಬರುತ್ತಿದ್ದಳು. ಕೊನೆಗೆ ನರ್ಸಮ್ಮನೇ ಫೋನು ಮಾಡಿದಳು: "ವಾಚಿಗೆ ಒಂದು ಗೀರೂ ಇಲ್ಲ, ನಡೀತಾನೇ ಬಂದಿದೆ. ಬಿಚ್ಚೋಕೆ ಹೋಗಿ ನನ್ನ ಉಗುರು ಮುರೀತು, ಅಷ್ಟೆ. ನಮ್ಮ ತಂಗೀದೂ ಒಂದಿದೆ. ಕಳಿಸ್ಲಾ?"

ಗಂಡ ಮೇಜಿನ ಅರ್ಧದಲ್ಲಿದ್ದ ತನ್ನ ಸಾಮಾನನ್ನೆಲ್ಲ ಆಚೆ ಸರಿಸುತ್ತ, "ಅವಳನ್ನೇ ಕೇಳಿ" ಎಂದು ಫೋನು ದಾಟಿಸಿದ.

ಗಾಜಿನಕ್ಕ ಖಾಲಿಯಾದ ಜಾಗವನ್ನು ಸೆರಗಿನಿಂದ ಒರೆಸಿ ಕೂತಳು. "ಕಳಿಸಿ ಅಮ್ಮಾ. ಆದ್ರೆ ನೀವು ಹೇಗೆಹೇಗೋ ಕಟ್ಟೀರಿ ಮತ್ತೆ. ನಾನು ಹೇಳ್ದಂಗೆ ಮಾಡಿ. ಮನೇಲಿ ಮೆತ್ತಗಿರೋ ಹಳೇ ಬಟ್ಟೆ ಇದೆಯಾ?"