ನೋಡೋಣಮ್ಮನ ವಿಚಾರಣೆ

ವಿಶ್ವವಿದ್ಯಾಲಯದ ಪ್ರವೇಶ ವಿಭಾಗದ ಬಾಗಿಲಿನ ಮೇಲೆ ‘ಪ್ರವೇಶವಿಲ್ಲ’ ಎಂದು ಬರೆದಿತ್ತು. ಒಳಗೆ ಬರಬೇಕೆಂದು ಆಸೆಪಟ್ಟವರೆಲ್ಲ ಹೊರಗೇ ನಿಂತು ಕಿಟಕಿಯಲ್ಲಿ ಮಾತಾಡಬೇಕು. ಆ ಕಿಟಕಿಯ ನೆತ್ತಿಯ ಮೇಲೆ ‘ವಿಚಾರಣೆ’ ಎಂಬ ಇನ್ನೊಂದು ಬೋರ್ಡು. ಕೋರ್ಟಿನಲ್ಲಿ ನಡೆಯುವುದೂ ಅದೇ ತಾನೇ? ಇಲ್ಲಿ ವಕೀಲರಿಲ್ಲ, ತೀರ್ಪು ಕೂಡಲೇ ಸಿಗುತ್ತದೆ, ಅಷ್ಟೇ ವ್ಯತ್ಯಾಸ.

ತೀರ್ಪು ಕೊಡುವವರು ನೋಡೋಣಮ್ಮ. ಸರ್ಕಾರ ಅವರಿಗೆ ಬೇರೆ ಯಾವುದೋ ಹೆಸರಿನಲ್ಲಿ ಸಂಬಳ ಕೊಡುತ್ತದೆ, ಆದರೆ ಕ್ಯಾಂಟೀನಿನಿಂದ ಕುಲಸಚಿವರ ಕೋಣೆಯವರೆಗೆ ಅವರು ನೋಡೋಣಮ್ಮನೇ. ಹೊರರಾಜ್ಯದ ಅರ್ಜಿಗಳೆಲ್ಲ ಅವರ ಪಾಲು. ಸ್ವಂತ ರಾಜ್ಯದ ಮಕ್ಕಳಿಗೆ ಸೀಟುಗಳ ಅಗಲವಾದ ಹಾಸಿಗೆಯಿದೆ; ಹೊರಗಿನವರಿಗೆ ಅದರ ಅಂಚು. ಆ ಅಂಚಿನಲ್ಲಿ ಯಾರು ನಿಲ್ಲುತ್ತಾರೆ, ಯಾರು ಉರುಳುತ್ತಾರೆ ಎಂದು ಅಂದಾಜು ಮಾಡುವುದರಲ್ಲಿ ಅವರದು ಎತ್ತಿದ ಕೈ. ಎಲ್ಲರೂ ಅಂಕ ನೋಡಿದರೆ ಅವರು ಹಾಸ್ಟೆಲ್ ನೋಡುತ್ತಾರೆ. ಜಾಣ ಮಕ್ಕಳು ಹತ್ತು ಕಡೆ ಅರ್ಜಿ ಹಾಕಿ ಒಂದು ಕಡೆ ಸೇರುವವರು. ಹಾಸ್ಟೆಲ್ ಕಿಟಕಿಗೆ ಹೋಗಿ ಕೋಣೆ ಕೇಳಿದವರು ನಿಜವಾಗಿ ಬರುತ್ತಾರೆ. ಕೇಳದವರು ಸುಮ್ಮನೆ ತಲೆ ಹಾಕಿ ಹೋದವರು. ಅವರು ಬಿಟ್ಟ ಜಾಗಕ್ಕೆ ಕೆಳಗಿನವರು ಏರುತ್ತಾರೆ. ಅದಕ್ಕೇ ನೋಡೋಣಮ್ಮ ದಿನಾ ಮೊದಲು ಹಾಸ್ಟೆಲ್ ಗುಮಾಸ್ತರ ಹತ್ತಿರ ಹರಟೆ ಹೊಡೆದು, ಆಮೇಲೆ ತಮ್ಮ ಕುರ್ಚಿಗೆ ಬರುವುದು.

ಸೀಟು ಸಿಗುವ ಹಾಗಿದ್ದರೆ “ಫೋನು ಹತ್ತಿರ ಇಟ್ಕೊಂಡಿರಿ” ಎನ್ನುತ್ತಾರೆ. ಸಿಗದ ಹಾಗಿದ್ದರೆ “ನೋಡೋಣ” ಎನ್ನುತ್ತಾರೆ. ಇಲ್ಲ ಎಂಬ ಮಾತು ಅವರ ಬಾಯಲ್ಲಿ ಹೊರಡದು. ‘ನೋಡೋಣ’ ಕಿವಿಗೆ ಬಿದ್ದ ಕೂಡಲೇ ಅಟೆಂಡರ್, ಅರ್ಜಿ ಹಾಕಿದವರ ತಂದೆಯನ್ನು ಮೆಲ್ಲಗೆ ಪಕ್ಕಕ್ಕೆ ಕರೆದು ಅರ್ಥ ಬಿಡಿಸುತ್ತಾನೆ: “ಸಾರ್, ಮೇಡಂ ನೋಡೋಣ ಅಂದ್ರೆ, ನೀವು ಬಸ್ಸಿನ ಟೈಮ್ ನೋಡಿ ಅಂತ.” ಗಡಿಯಾಚೆಯವರಿಗೆ ಗಡಿಬಿಡಿ ಜಾಸ್ತಿ ಎಂಬುದೂ ಅವನದೇ ಸಂಶೋಧನೆ.

ಈ ಅರ್ಥ ತಿಳಿಯದೆ ಉಳಿದವಳು ನೋಡೋಣಮ್ಮನ ಸ್ವಂತ ತಂಗಿ.

ಅವಳನ್ನು ಕೊಟ್ಟದ್ದು ಗಡಿಯಾಚೆಗೆ. ಬಸ್ಸಿನಲ್ಲಿ ಒಂದು ನಿದ್ದೆಯ ದೂರ, ಆದರೂ ಬೇರೆ ರಾಜ್ಯ. ಹಾಗಾಗಿ ರಜೆ ಬಂತೆಂದರೆ ದೊಡ್ಡಮ್ಮನ ಮನೆಗೆ ಓಡಿಬರುತ್ತಿದ್ದ ತಂಗಿಯ ಮಗಳು ಅರ್ಜಿ ಹಾಕುವ ಹೊತ್ತಿಗೆ ಹೊರಗಿನವಳಾಗಿದ್ದಳು. ಅವಳಿಗೆ ಬೇಕಾದದ್ದು ಭೂವಿಜ್ಞಾನ.

“ಕಲ್ಲು ಓದ್ತಾಳಂತೆ ಕಣೇ,” ಎಂದಿದ್ದಳು ತಂಗಿ, ಹಿಂದಿನ ತಿಂಗಳು ಒಟ್ಟಿಗೆ ಊಟಕ್ಕೆ ಕೂತಾಗ. “ಅನ್ನದಲ್ಲಿ ಸಿಕ್ಕಿದ್ರೆ ಎತ್ತಿ ಪಕ್ಕಕ್ಕಿಡೋದು ಬಿಟ್ಟು! ನಿಮ್ಮಲ್ಲಿ ಸೀಟು ಸಿಗತ್ತೇನೇ ಅಕ್ಕಾ?”

ಬಾಯಲ್ಲಿ ತುತ್ತು ಇತ್ತು. ಅಭ್ಯಾಸಬಲ; “ನೋಡೋಣ” ಎಂದುಬಿಟ್ಟರು. ತಂಗಿ ಖುಷಿಯಿಂದ ಇನ್ನಷ್ಟು ಅನ್ನ ಬಡಿಸಿದಾಗಲೇ ಅನುಮಾನ ಬರಬೇಕಿತ್ತು.

ಇವತ್ತು ಬೆಳಿಗ್ಗೆ ತಂಗಿಯ ಫೋನು. “ಅಕ್ಕಾ, ಇಲ್ಲಿ ಇವಳಿಗೆ ಸಂಖ್ಯಾಶಾಸ್ತ್ರದ ಸೀಟು ಬಂದಿದೆ. ಸಂಜೆಯೊಳಗೆ ಅಸಲು ಅಂಕಪಟ್ಟಿ ಕೊಡಬೇಕಂತೆ, ಇಲ್ಲಾಂದ್ರೆ ಬೇರೆಯವರಿಗಂತೆ. ನೀನು ನೋಡ್ಕೋತೀನಿ ಅಂದಿದ್ಯಲ್ಲ, ಬೇಡ ಅಂದ್ಬಿಡ್ಲಾ?”

“ನಾನೆಲ್ಲಿ ನೋಡ್ಕೋತೀನಿ ಅಂದೆ? ನೋಡೋಣ ಅಂದೆ.”

“ಎರಡೂ ಒಂದೇ ಅಲ್ವೇನೇ?”

ನೋಡೋಣಮ್ಮನಿಗೆ ಕೂತ ಕುರ್ಚಿ ಬಿಸಿಯಾಯಿತು. ಅಸಲು ಅಂಕಪಟ್ಟಿ ಇರುವುದು ಒಂದೇ. ಅಲ್ಲಿ ಕೊಟ್ಟರೆ ಇಲ್ಲಿಯ ಅರ್ಜಿ ಸತ್ತ ಹಾಗೆ. ಅಲ್ಲಿಯದನ್ನು ಬಿಟ್ಟು ಇಲ್ಲೂ ಸಿಗದಿದ್ದರೆ ಹುಡುಗಿಯ ಒಂದು ವರ್ಷ ಮಣ್ಣುಪಾಲು, ಅದೂ ಭೂವಿಜ್ಞಾನ ಓದದೆಯೇ. “ತಾಳು, ಆಮೇಲೆ ಹೇಳ್ತೀನಿ” ಎಂದು ಫೋನಿಟ್ಟು ಹಾಸ್ಟೆಲ್ ಕಿಟಕಿಗೆ ಓಡಿದರು. ಪಟ್ಟಿಯಲ್ಲಿ ತಂಗಿಯ ಮಗಳಿಗಿಂತ ಮೇಲಿದ್ದವರಲ್ಲಿ ಇಬ್ಬರು ಬಿಟ್ಟರೆ ಮಾತ್ರ ಇವಳಿಗೆ ಜಾಗ. ಕೋಣೆ ಕೇಳದೆ ಇದ್ದವಳು ಒಬ್ಬಳೇ. ಮಿಕ್ಕವರೆಲ್ಲ ಕೇಳಿದ್ದರು, ಒಬ್ಬನಂತೂ ಕಿಟಕಿ ಪಕ್ಕದ ಮಂಚವೇ ಬೇಕೆಂದು ಬರೆದುಕೊಟ್ಟಿದ್ದ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಫೋನು ಹೊಡೆದುಕೊಂಡಾಗಲೆಲ್ಲ ಅದನ್ನು ಮಗುಚಿಟ್ಟು ನೀರು ಕುಡಿದರು. ನೀರು ಕುಡಿದು ಮತ್ತೆ ಫೋನು ನೋಡಿದರು. ಬೇರೆಯವರ ಮಕ್ಕಳ ಹಣೆಬರಹವನ್ನು ಗಳಿಗೆಯಲ್ಲಿ ಓದಿ ಹೇಳುವವರು ಇವತ್ತು ಒಬ್ಬರ ಅರ್ಜಿಯನ್ನು ಎರಡು ಸಲ ಓದಿದರು, ಇನ್ನೊಬ್ಬರದನ್ನು ಓದದೆಯೇ ಸೀಲು ಒತ್ತಿದರು.

“ಮೇಡಂ, ಸೀಲು ತಲೆಕೆಳಗಾಗಿದೆ,” ಎಂದ ಅಟೆಂಡರ್.

“ನನ್ನ ತಲೇನೇ ಕೆಳಗಾಗಿದೆ, ನೀನು ಸೀಲಿನ ಚಿಂತೆ ಮಾಡ್ತೀಯಲ್ಲಪ್ಪ.”

ತಪ್ಪು ಅವರದೂ ಇತ್ತು. ಈ ಹುಡುಗಿ ಬಂದರೆ ನಡುಕೋಣೆಯಲ್ಲಿ ಇರಲಿ, ಸಂಜೆ ಮಾತಿಗೊಂದು ಜೀವ ಆಗುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದರು. ಆಸೆ ಬಂದು ಪಕ್ಕದಲ್ಲಿ ಕೂತರೆ ಅಂದಾಜಿಗೆ ಕೂರಲು ಜಾಗ ಎಲ್ಲಿ?

ಮಧ್ಯಾಹ್ನದ ಸಾಲು ಕಿಟಕಿಯಿಂದ ಗೇಟಿನವರೆಗೆ ಬೆಳೆದಿತ್ತು. “ಮುಂದಿನವರು” ಎಂದರು ನೋಡೋಣಮ್ಮ, ತಲೆಯೆತ್ತದೆ.

“ನಾನೇ, ದೊಡ್ಡಮ್ಮ.”

ಪೆನ್ನು ಕೈಯಿಂದ ಜಾರಿತು. “ಅಯ್ಯೋ ಹುಚ್ಚಿ, ಬಿಸಿಲಲ್ಲಿ ಯಾಕೆ ನಿಂತೆ? ಒಳಗೆ ಬರಬಾರದಾ?”

“ಒಳಗೆ ಬಂದ್ರೆ ಟೀ ಕೊಡಿಸ್ತೀಯ, ಉತ್ತರ ಕೊಡಲ್ಲ. ಅಮ್ಮ ಅಲ್ಲಿ ಕಾಲೇಜ್ ಬಾಗಿಲಲ್ಲಿ ಅಂಕಪಟ್ಟಿ ಹಿಡ್ಕೊಂಡು ನಿಂತಿದ್ದಾಳೆ. ಮೇಡಂ, ನಾನ್ಯಾರೋ ನಿಮಗೆ ಗೊತ್ತಿಲ್ಲ. ಹೊರರಾಜ್ಯದವಳು. ನನಗೆ ಸೀಟು ಸಿಗತ್ತಾ, ಹೇಳಿ.”

ಅವಳ ಹಿಂದೆ ನಿಂತಿದ್ದ ದಪ್ಪ ಮೀಸೆಯವರೊಬ್ಬರು ಇಣುಕಿದರು. “ನೆಂಟಸ್ತಿಕೆ ಮನೇಲಿ ಮಾಡ್ಕೊಳ್ಳಿ ತಾಯಿ. ನಮ್ಮ ಹುಡುಗನ ಭವಿಷ್ಯ ಬಿಸಿಲಲ್ಲಿ ಒಣಗ್ತಿದೆ.”

“ಒಂದು ನಿಮಿಷ ಅಂಕಲ್, ನಂದು ಆಗಲೇ ಒಣಗಿ ಗರಿಗರಿ ಆಗಿದೆ.”

ಆ ಪದ ನೋಡೋಣಮ್ಮನ ನಾಲಿಗೆಯ ತುದಿಗೆ ಬಂದು ಕೂತಿತ್ತು. ನುಂಗಿಕೊಂಡರು.

“ಸಿಗಲ್ಲ,” ಎಂದರು.

ಒಳಗೆ ಅಟೆಂಡರ್ ಕೈಯಲ್ಲಿದ್ದ ಕಡತ ಹಾಗೇ ಹಿಡಿದು ನಿಂತ. ಇಷ್ಟು ವರ್ಷದಲ್ಲಿ ಅವನು ಈ ಮಾತು ಕೇಳಿರಲಿಲ್ಲ. ಅರ್ಥ ಬಿಡಿಸುವುದಕ್ಕೂ ಏನಿರಲಿಲ್ಲ.

“ಸ್ವಲ್ಪಾನೂ ಇಲ್ವಾ?”

“ಸ್ವಲ್ಪ ಇದೆ. ಇಬ್ಬರು ಬಿಟ್ರೆ ಸಿಗತ್ತೆ. ಒಬ್ಬಳು ಬಿಟ್ಟರೂ ಬಿಟ್ಟಾಳು. ಇನ್ನೊಬ್ಬರು ಬಿಡೋ ಹಾಗೆ ಕಾಣಲ್ಲ.”

“ಆ ಸ್ವಲ್ಪಕ್ಕೆ ಕಾಯಬಹುದಲ್ಲ?”

“ಗುರುತಿಲ್ಲದವಳಾಗಿದ್ರೆ ಕಾಯಬೇಡ ಅಂತಿದ್ದೆ.”

“ಗುರುತಿರೋಳಿಗೆ?”

“ಅದನ್ನೇ ಹೇಳಬೇಕು ಪುಟ್ಟಿ. ಹೇಳಕ್ಕಾಗದೇ, ಬೆಳಿಗ್ಗೆ ಮಾತಾಡಿದ ಮೇಲೆ ನಿಮ್ಮಮ್ಮನ ಫೋನು ಎತ್ತಿಲ್ಲ.”

ಹುಡುಗಿ ಒಂದು ಕೈಯಲ್ಲಿ ಕಿಟಕಿಯ ಕಂಬಿ ಹಿಡಿದು ಇನ್ನೊಂದರಲ್ಲಿ ಫೋನು ತೆಗೆದಳು. ಮೀಸೆಯವರೂ ಈಗ ಅವಸರ ಮಾಡಲಿಲ್ಲ. ಅಲ್ಲೇ ನಿಂತು ಅಮ್ಮನಿಗೆ ಮಾಡಿದಳು. “ಅಮ್ಮಾ, ಕೊಟ್ಬಿಡು.” ಆ ಕಡೆಯ ದನಿ ಕಿಟಕಿಯೊಳಕ್ಕೂ ಕೇಳಿಸಿತು: “ಅಷ್ಟು ವರ್ಷ ಆ ಸೀಟಲ್ಲಿ ಕೂತ್ಕೊಂಡು ಒಂದು ಸೀಟು ಕೊಡ್ಸಕ್ಕಾಗ್ಲಿಲ್ವಂತಾ ನಿಮ್ಮ ದೊಡ್ಡಮ್ಮನಿಗೆ?” ಹುಡುಗಿ ಫೋನಿಟ್ಟಳು. “ಬಸ್ಸಿದೆ ದೊಡ್ಡಮ್ಮ” ಎಂದು ಹೊರಟವಳು ಟೀಗೂ ನಿಲ್ಲಲಿಲ್ಲ. ಸಿಟ್ಟೋ, ಬಸ್ಸೋ, ಗೊತ್ತಾಗಲಿಲ್ಲ.

ಸಂಜೆ ಕಿಟಕಿ ಮುಚ್ಚಿದ ಮೇಲೆ ನೋಡೋಣಮ್ಮ ಭೂವಿಜ್ಞಾನದ ಪಟ್ಟಿ ತೆಗೆದರು. ತಂಗಿಯ ಮಗಳ ಹೆಸರಿನ ಮೇಲೆ ಗೆರೆ ಎಳೆಯುವುದಷ್ಟೇ ಕೆಲಸ. ಎಳೆದರು, ಮನೆಗೆ ಹೋಗಲಿಲ್ಲ. ಇಬ್ಬರು ಬಿಟ್ಟೇಬಿಟ್ಟರೆ? ಹಾಗೇನಾದರೂ ಆದರೆ ಆ ಹುಡುಗಿಯ ಕಲ್ಲನ್ನು ಕಸಿದುಕೊಂಡವರು ಯಾರು? ಆ ಗೆರೆಗಿಂತ ಮೇಲಿದ್ದ ಹೆಸರುಗಳನ್ನು ಒಂದೊಂದಾಗಿ ಓದುತ್ತ ಕೂತರು. ಮುಖ ನೋಡದ ಮಕ್ಕಳು. ನಿಮಗೆ ಬೇರೆಲ್ಲೂ ಸೀಟು ಸಿಗದಿರಲಿ, ಎಲ್ಲರೂ ಇಲ್ಲಿಗೇ ಬಂದು ಸೇರಿ ಎಂದು ಅವರಿಗೆಲ್ಲ ಹರಸಿದರು. ಹರಸಿದ ಮೇಲೆ, ಇದು ಹರಕೆಯೋ ಶಾಪವೋ ಎಂದು ಇನ್ನೊಂದು ಚಿಂತೆ ಹತ್ತಿತು.